ಎಬಿಡಿಎಂ ಸ್ಯಾಂಡ್‌ಬಾಕ್ಸ್: 202 ಬರುತ್ತದೆ, ಕಾಲ್‌ಬ್ಯಾಕ್ ಮಾತ್ರ ಬರುವುದಿಲ್ಲ. ಅನುಭವಿಗಳು ಹೇಳಿ

ಗಾಂಧಿಬಜಾರ್_ಗಣಕ
ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಒಂದು ಸಣ್ಣ ನರ್ಸಿಂಗ್ ಹೋಮ್‌ನ ತಂತ್ರಾಂಶವನ್ನು ನಾವಿಬ್ಬರು ನೋಡಿಕೊಳ್ಳುತ್ತೇವೆ. ಹೊರರೋಗಿಗಳ ನೋಂದಣಿ, ಬಿಲ್ಲು, ಲ್ಯಾಬ್ ವರದಿ, ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ಅದರಲ್ಲೇ ನಡೆಯುತ್ತವೆ. ಈಗ ಅದನ್ನು ಆರೋಗ್ಯ ದಾಖಲೆಗಳನ್ನು ಬೆಸೆಯುವ ಕೇಂದ್ರದ ಯೋಜನೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ (ಎಬಿಡಿಎಂ) ಜೋಡಿಸಬೇಕೆಂದು ಆಡಳಿತದವರು ಪಟ್ಟು ಹಿಡಿದಿದ್ದಾರೆ.

ಅದರ ಪರೀಕ್ಷಾ ಪರಿಸರವಾದ ಸ್ಯಾಂಡ್‌ಬಾಕ್ಸ್‌ನಲ್ಲಿ ನೋಂದಾಯಿಸಿ ಕ್ಲೈಂಟ್ ಐಡಿ, ಸೀಕ್ರೆಟ್ ಪಡೆದೆವು. ಮೊದಲ ಹಂತವಾದ ಎಂ1, ಅಂದರೆ ರೋಗಿಯ ಆರೋಗ್ಯ ಗುರುತಾದ 14 ಅಂಕಿಯ ಆಭಾ ಸಂಖ್ಯೆಯನ್ನು ಸೃಷ್ಟಿಸುವುದು ಮತ್ತು ಪರಿಶೀಲಿಸುವುದು, ಹೇಗೋ ಮುಗಿಯಿತು. ಸಿಕ್ಕಿಹಾಕಿಕೊಂಡಿರುವುದು ಎಂ2ರಲ್ಲಿ, ಅಂದರೆ ಆಸ್ಪತ್ರೆಯ ದಾಖಲೆಗಳನ್ನು ಆಭಾಗೆ ಜೋಡಿಸಿ ಹಂಚುವ ಹಂತದಲ್ಲಿ. ಸೆಷನ್ ಟೋಕನ್ ಸಿಗುತ್ತದೆ. ಕೋರಿಕೆ ಕಳುಹಿಸಿದರೆ ಎಬಿಡಿಎಂನ ಗೇಟ್‌ವೇ (ಸಂದೇಶ ಸಾಗಿಸುವ ಕೇಂದ್ರ ಸರ್ವರ್) 202 ಎಂದು ಉತ್ತರಿಸುತ್ತದೆ. ಅದಾದ ಮೇಲೆ ನಮ್ಮ ಕಾಲ್‌ಬ್ಯಾಕ್ ಯುಆರ್‌ಎಲ್‌ಗೆ ನಿಜವಾದ ಉತ್ತರ ಬರಬೇಕಲ್ಲ, ಅದು ಬರುವುದೇ ಇಲ್ಲ. ನಮ್ಮ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಸರ್ವರ್ ಆಸ್ಪತ್ರೆಯ ಕೊಠಡಿಯಲ್ಲೇ ಇದೆ, ಸ್ಥಿರ ಐಪಿ ಇದೆ, ಮುಂದೆ ಫೈರ್‌ವಾಲ್ ಇದೆ. ಅದೇ ಯುಆರ್‌ಎಲ್ ಅನ್ನು ಹೊರಗಿನಿಂದ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ತೆರೆದರೆ ಚೆನ್ನಾಗಿ ತೆರೆಯುತ್ತದೆ. ಇನ್ನೆಲ್ಲಿ ನೋಡಬೇಕು?

ತಿಂಡಿಪೋತ
202 ಅಂದರೆ ‘ನಿಮ್ಮ ಅರ್ಜಿ ತಲುಪಿದೆ’ ಎಂದಷ್ಟೇ. ಸರ್ಕಾರಿ ಕಚೇರಿಯಲ್ಲಿ ಸೀಲು ಹಾಕಿ ಕೊಡುವ ಸ್ವೀಕೃತಿ ಚೀಟಿ. ಕೆಲಸ ಆಯಿತೆಂದು ಖುಷಿಪಡಬೇಡಿ.

ಯುಟಿಸಿ_ಯಜಮಾನ
ಮೊದಲು ಗಡಿಯಾರ ನೋಡಿ. ನನ್ನ ಅನುಭವದಲ್ಲಿ ಇಂಥ ದೂರುಗಳಲ್ಲಿ ಬಹುಪಾಲು ಗಡಿಯಾರದವೇ. ಟೈಮ್‌ಸ್ಟ್ಯಾಂಪ್ ಹೆಡರ್ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿರಬೇಕು. ಭಾರತೀಯ ಕಾಲಮಾನದ ಸಮಯವನ್ನೇ ಬರೆದು ಕೊನೆಗೆ ಯುಟಿಸಿಯ ಗುರುತಾದ ಝಡ್ ಅಕ್ಷರ ಅಂಟಿಸುವವರು ಬಹಳ ಮಂದಿ. ಬೆಳಿಗ್ಗೆ 10 ಗಂಟೆಗೆ ಕಳುಹಿಸಿದ ಕೋರಿಕೆಯ ಮೇಲೆ ‘10:00 ಝಡ್’ ಎಂದಿದ್ದರೆ ಅದರ ಅರ್ಥ ನಮ್ಮ ಮಧ್ಯಾಹ್ನ 3:30. ಇನ್ನೂ ಹುಟ್ಟದ ಕೋರಿಕೆಯನ್ನು ಯಾವ ಗೇಟ್‌ವೇ ತಾನೇ ಒಪ್ಪಿಕೊಳ್ಳುತ್ತದೆ?

ಇನ್ನೊಂದು ವಿಷಯ. ಸರ್ವರ್ ಗಡಿಯಾರವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗೆ ಹೊಂದಿಸಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲೇ ಹೇಳಿದೆ. ಸಣ್ಣ ಆಸ್ಪತ್ರೆಗಳಲ್ಲಿ ಇದನ್ನು ಮಾಡಿರುವವರನ್ನು ನಾನು ಕಂಡಿಲ್ಲ.

ಗಾಂಧಿಬಜಾರ್_ಗಣಕ
ಗಡಿಯಾರ ಸರಿಯಾಗಿದೆ ಸರ್, ಯುಟಿಸಿಯಲ್ಲೇ ಕಳುಹಿಸುತ್ತಿದ್ದೇವೆ. ರಿಕ್ವೆಸ್ಟ್ ಐಡಿ ಪ್ರತಿ ಸಲ ಹೊಸ ಯುಯುಐಡಿ. ಎಕ್ಸ್-ಸಿಎಂ-ಐಡಿ ಹೆಡರ್‌ನಲ್ಲಿ ‘ಎಸ್‌ಬಿಎಕ್ಸ್’ ಎಂದೇ ಇದೆ.

ಹಳೇಬೇರು
ಗಡಿಯಾರ ತಪ್ಪಿದ್ದರೆ 202 ಬರುವ ಮೊದಲೇ ಬೈದು ಕಳುಹಿಸುತ್ತಿತ್ತು. ಯಜಮಾನರು ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಬರೆಯುತ್ತಾರೆ.

ಯುಟಿಸಿ_ಯಜಮಾನ
ಮಾತ್ರೆ ಕೆಲಸ ಮಾಡುವಾಗ ಬೇರೆ ಏಕೆ ಬರೆಯಲಿ?

ಕಾಡುಗೊಲ್ಲ_ಕೋಡ್
ಕಾಲ್‌ಬ್ಯಾಕ್ ಯುಆರ್‌ಎಲ್ ಅನ್ನು ನಿಜವಾಗಿ ಬ್ರಿಡ್ಜ್‌ಗೆ (ಗೇಟ್‌ವೇಯಲ್ಲಿ ನಿಮ್ಮ ತಂತ್ರಾಂಶದ ಖಾತೆ) ನೋಂದಾಯಿಸಿದ್ದೀರಾ? ಯುಆರ್‌ಎಲ್ ಬದಲಾಯಿಸಿ ಅಪ್‌ಡೇಟ್ ಮಾಡುವುದನ್ನು ಮರೆತವರು ನಮ್ಮಲ್ಲೇ ಇದ್ದರು. ಹಳೆಯ ಟನೆಲ್ (ಫೈರ್‌ವಾಲ್ ತಪ್ಪಿಸಿ ಹೊರಗಿನ ಕೋರಿಕೆಯನ್ನು ಒಳಗಿನ ಯಂತ್ರಕ್ಕೆ ತರುವ ತಾತ್ಕಾಲಿಕ ದಾರಿ) ವಿಳಾಸಕ್ಕೆ ಉತ್ತರಗಳು ಹೋಗುತ್ತಿದ್ದವು, ಇವರು ಹೊಸ ವಿಳಾಸದಲ್ಲಿ ಕಾಯುತ್ತಿದ್ದರು. ಜೊತೆಗೆ ನಿಮ್ಮ ಸೌಲಭ್ಯದ ಐಡಿ ಆ ಬ್ರಿಡ್ಜ್‌ಗೆ ಎಚ್‌ಐಪಿ (ದಾಖಲೆ ಕೊಡುವ ಸಂಸ್ಥೆ) ಎಂದು ಜೋಡಣೆಯಾಗಿದೆಯೇ ಎಂದೂ ನೋಡಿ. ಎರಡೂ ಬೇರೆ ಬೇರೆ ಕೆಲಸ.

ಗಾಂಧಿಬಜಾರ್_ಗಣಕ
ಎರಡೂ ಆಗಿವೆ. ಸೇವೆಗಳ ಪಟ್ಟಿ ಕೇಳಿದರೆ ನಮ್ಮ ಐಡಿ, ನಮ್ಮ ಯುಆರ್‌ಎಲ್ ಎರಡೂ ಸರಿಯಾಗಿ ಕಾಣುತ್ತವೆ.

ರಾಗಿಮುದ್ದೆ
ಇಷ್ಟೊಂದು ತಲೆನೋವು ಏಕೆ? ಸರ್ವರ್ ಪಕ್ಕಕ್ಕಿಟ್ಟು ಎನ್‌ಗ್ರಾಕ್‌ನಂಥ ಟನೆಲ್ ಹಾಕಿ. ಸಂಜೆಯೊಳಗೆ ಎಂ2 ಮುಗಿಯುತ್ತದೆ.

ಹಳೇಬೇರು
ಮುಗಿಯುತ್ತದೆ, ಒಪ್ಪುತ್ತೇನೆ. ಆಮೇಲೆ? ಟನೆಲ್‌ನಲ್ಲಿ ಎಲ್ಲ ಪರೀಕ್ಷೆ ಪಾಸು ಮಾಡಿಕೊಂಡು ನಿಜವಾದ ಪರಿಸರಕ್ಕೆ ಹೋದ ದಿನ ಆಸ್ಪತ್ರೆಯ ಫೈರ್‌ವಾಲ್ ಅಡ್ಡ ನಿಲ್ಲುತ್ತದೆ. ಆಗ ಹೊರಗೆ ರೋಗಿಗಳ ಸಾಲು, ಒಳಗೆ ನೀವು. ಪರೀಕ್ಷಾ ಪರಿಸರದಲ್ಲಿ ನೋಡಬೇಕಿರುವುದು ನಿಮ್ಮ ಕೋಡ್ ಒಂದನ್ನೇ ಅಲ್ಲ. ಸರ್ವರ್ ಕೋಣೆ, ಕೌಂಟರ್‌ನಲ್ಲಿ ಕೂರುವವರು, ಫೈರ್‌ವಾಲ್ ಗುತ್ತಿಗೆಯವರು ಫೋನ್ ಎತ್ತುತ್ತಾರೋ ಇಲ್ಲವೋ, ಎಲ್ಲವನ್ನೂ ಈಗಲೇ ಪರೀಕ್ಷಿಸಬೇಕು. ಗಣಕರು ಸ್ವಂತ ಸರ್ವರ್‌ನಲ್ಲಿ ಒದ್ದಾಡುತ್ತಿರುವುದೇ ಸರಿಯಾದ ಕ್ರಮ.

ರಾಗಿಮುದ್ದೆ
ಮೊದಲು ಕೋಡ್ ಸರಿಯಿದೆಯೇ ಎಂದು ತಿಳಿಯಲಿ, ಆಮೇಲೆ ಫೈರ್‌ವಾಲ್ ನೋಡಲಿ. ಎರಡನ್ನೂ ಒಟ್ಟಿಗೆ ಕಲಸಿದರೆ ಯಾವುದರ ತಪ್ಪೆಂದು ಹೇಗೆ ಗೊತ್ತಾಗಬೇಕು? ಟನೆಲ್‌ನಲ್ಲಿ ಬಂದು, ನೇರವಾಗಿ ಬರದಿದ್ದರೆ ತಪ್ಪು ದಾರಿಯದ್ದು ಎಂದು ಕಡೆಯಪಕ್ಷ ಖಚಿತವಾಗುತ್ತದೆ.

ಹಳೇಬೇರು
ಈ ಮಾತು ಸರಿ. ರೋಗನಿರ್ಣಯಕ್ಕೆ ಬಳಸಿ, ವಾಸಕ್ಕೆ ಬೇಡ.

ಗಾಂಧಿಬಜಾರ್_ಗಣಕ
ಟನೆಲ್ ಹಾಕಿ ನೋಡಿದೆ. ಕಾಲ್‌ಬ್ಯಾಕ್ ಕ್ಷಣಾರ್ಧದಲ್ಲಿ ಬಂತು! ಹಾಗಾದರೆ ತಪ್ಪು ದಾರಿಯಲ್ಲೇ ಇದೆ. ಆದರೆ ಕ್ರೋಮ್‌ನಲ್ಲಿ ತೆರೆಯುವುದು ಗೇಟ್‌ವೇಗೆ ಏಕೆ ತೆರೆಯುತ್ತಿಲ್ಲ?

ನೂಲುಗಾರ
ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ) ಪ್ರಮಾಣಪತ್ರದ ಸರಪಳಿ ನೋಡಿ. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಆಜ್ಞೆಯನ್ನು ‘ಶೋಸರ್ಟ್ಸ್’ ಆಯ್ಕೆಯೊಂದಿಗೆ ಓಡಿಸಿ. ಕೊನೆಯಲ್ಲಿ ‘ವೆರಿಫೈ ರಿಟರ್ನ್ ಕೋಡ್’ ಎಷ್ಟು ಬರುತ್ತದೆ?

ಗಾಂಧಿಬಜಾರ್_ಗಣಕ
0, ಅಂದರೆ ಸರಿ ಎಂದೇ ಬರುತ್ತಿದೆ. ಸರಪಳಿಯಲ್ಲಿ ನಮ್ಮ ಪ್ರಮಾಣಪತ್ರವೂ ಮಧ್ಯದ್ದೂ ಎರಡೂ ಇವೆ.

ನೂಲುಗಾರ
ಎಲ್ಲಿಂದ ಓಡಿಸಿದಿರಿ? ಆಸ್ಪತ್ರೆಯ ಒಳಗಿನ ಜಾಲದಿಂದಲೇ? ಒಳಗಿನ ಡಿಎನ್‌ಎಸ್ ನೇರವಾಗಿ ಸರ್ವರ್‌ಗೇ ಕರೆದುಕೊಂಡು ಹೋಗಿರುತ್ತದೆ, ಫೈರ್‌ವಾಲ್‌ನ ಮುಖವನ್ನೇ ನೋಡಿರುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಹೊರಗಿನಿಂದ ಓಡಿಸಿ.

ಗಾಂಧಿಬಜಾರ್_ಗಣಕ
ಹೊರಗಿನಿಂದ 21! ಸರಪಳಿಯಲ್ಲಿ ಒಂದೇ ಪ್ರಮಾಣಪತ್ರ ಇದೆ. ಮಧ್ಯದ್ದು ಇಲ್ಲ.

ನೂಲುಗಾರ
ಸಿಕ್ಕಿತು ನೋಡಿ. 21 ಅಂದರೆ ‘ಮೊದಲ ಪ್ರಮಾಣಪತ್ರವನ್ನೇ ಪರಿಶೀಲಿಸಲು ಆಗಲಿಲ್ಲ’ ಎಂದು. ಟಿಎಲ್‌ಎಸ್ ನಿಮ್ಮ ಎನ್‌ಜಿನ್‌ಎಕ್ಸ್‌ವರೆಗೆ ಬರುತ್ತಲೇ ಇಲ್ಲ, ಫೈರ್‌ವಾಲ್‌ನಲ್ಲೇ ಬಿಚ್ಚಿಕೊಳ್ಳುತ್ತಿದೆ. ಅದಕ್ಕೆ ಪ್ರಮಾಣಪತ್ರ ಹಾಕಿದವರು ನಿಮ್ಮದೊಂದನ್ನೇ ಹಾಕಿ, ಮಧ್ಯವರ್ತಿ ಪ್ರಾಧಿಕಾರದ್ದನ್ನು ಬಿಟ್ಟಿದ್ದಾರೆ. ಕ್ರೋಮ್ ಜಾಣ ಬ್ರೌಸರ್. ಪ್ರಮಾಣಪತ್ರದೊಳಗೇ ಬರೆದಿರುವ ವಿಳಾಸಕ್ಕೆ ಹೋಗಿ ಕಾಣೆಯಾದ ಕೊಂಡಿಯನ್ನು ತಾನೇ ತಂದುಕೊಳ್ಳುತ್ತದೆ. ಜಾವಾದಂಥ ಸರ್ವರ್ ಕಡೆಯ ಕ್ಲೈಂಟ್‌ಗಳು ಸಾಮಾನ್ಯವಾಗಿ ಅಷ್ಟು ಶ್ರಮ ಪಡುವುದಿಲ್ಲ, ಸಂಪರ್ಕ ಶುರುವಾಗುವಾಗ ಕೈಕುಲುಕುವ ಹಂತದಲ್ಲೇ ಬಾಗಿಲು ಹಾಕಿಕೊಂಡು ಹೋಗುತ್ತವೆ. ಕೈಕುಲುಕುವುದೇ ಮುರಿದುಬಿದ್ದರೆ ಕೋರಿಕೆ ನಿಮ್ಮ ಲಾಗ್‌ವರೆಗೆ ಬರುವುದಾದರೂ ಹೇಗೆ? ಫೈರ್‌ವಾಲ್‌ಗೆ ಪೂರ್ಣ ಸರಪಳಿಯ ಕಡತವನ್ನು ಹಾಕಿಸಿ. ಮೊದಲು ನಿಮ್ಮದು, ಅದರ ಕೆಳಗೆ ಮಧ್ಯದ್ದು. ಈ ಅನುಕ್ರಮ ತಪ್ಪಬಾರದು.

ತಿಂಡಿಪೋತ
ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಗಾಂಧಿಬಜಾರ್_ಗಣಕ
ಪೂಜಾರಿಗೆ ಫೋನ್ ಮಾಡಿದ್ದೇನೆ. ‘ಟಿಕೆಟ್ ಹಾಕಿ, ನೋಡುತ್ತೇವೆ’ ಎಂದಿದ್ದಾರೆ. ನೂಲುಗಾರರಿಗೆ ಕೈಮುಗಿದೆ.

ಎಸ್ಟೋನಿಯಾ_ರಿಟರ್ನ್ಡ್
ನಾನು ವೈಟ್‌ಫೀಲ್ಡ್‌ನಲ್ಲಿ ಕುಳಿತು ಯುರೋಪಿನ ಗಿರಾಕಿಯೊಬ್ಬರಿಗೆ ಸಂಸ್ಥೆಗಳ ನಡುವೆ ಮಾಹಿತಿ ಸಾಗಿಸುವ ಎಕ್ಸ್-ರೋಡ್ ಜೋಡಿಸಿದ್ದವನು, ಅದರ ಕಥೆ ಹೇಳುತ್ತೇನೆ. ಎಸ್ಟೋನಿಯಾದಲ್ಲಿ 2001ರಲ್ಲಿ ಶುರುವಾದ ವ್ಯವಸ್ಥೆ ಅದು. ಈಗ ಅದರ ಮೂಲ ತಂತ್ರಾಂಶವನ್ನು ನೋಡಿಕೊಳ್ಳುವುದು ಎಸ್ಟೋನಿಯಾ ಮತ್ತು ಫಿನ್ಲೆಂಡ್ ಸೇರಿ 2017ರಲ್ಲಿ ಕಟ್ಟಿದ ಎನ್‌ಐಐಎಸ್ ಸಂಸ್ಥೆ, ಆಮೇಲೆ ಐಸ್‌ಲ್ಯಾಂಡ್ ಕೂಡ ಸೇರಿತು. ಅಲ್ಲಿ ಪ್ರತಿ ಸಂಸ್ಥೆಯೂ ತನ್ನ ಅಥವಾ ಹಂಚಿಕೊಂಡ ಒಂದು ಸೆಕ್ಯುರಿಟಿ ಸರ್ವರ್ ಮೂಲಕವೇ ಮಾತಾಡಬೇಕು. ಅದಕ್ಕೆ ಎರಡು ಬಗೆಯ ಪ್ರಮಾಣಪತ್ರ ಬೇಕು, ಸರ್ವರ್‌ನ ಗುರುತಿಗೊಂದು, ಸಂಸ್ಥೆಯ ಸಹಿಗೊಂದು. ಹೋಗುವ ಪ್ರತಿ ಸಂದೇಶಕ್ಕೂ ಸಹಿ ಬೀಳುತ್ತದೆ, ಕಾಲಮುದ್ರೆ ಬೀಳುತ್ತದೆ. ನಾಳೆ ‘ನಾನು ಕಳುಹಿಸಿಯೇ ಇಲ್ಲ’ ಎಂದು ಯಾರೂ ನುಣುಚಿಕೊಳ್ಳುವಂತಿಲ್ಲ.

ಅಲ್ಲಿಯ ಪರೀಕ್ಷಾ ಪರಿಸರದಲ್ಲೂ ನಮ್ಮನ್ನು ಕಾಡಿದ್ದು ಕೋಡ್ ಅಲ್ಲ, ಬಾಗಿಲುಗಳು. ಸೆಕ್ಯುರಿಟಿ ಸರ್ವರ್‌ಗಳ ನಡುವೆ 5500 ಮತ್ತು 5577 ಪೋರ್ಟ್‌ಗಳು ಎರಡೂ ತೆರೆದಿರಬೇಕು. ಮೊದಲನೆಯದು ಸಂದೇಶಕ್ಕೆ, ಎರಡನೆಯದು ಪ್ರಮಾಣಪತ್ರ ಇನ್ನೂ ಚಾಲ್ತಿಯಲ್ಲಿದೆಯೇ ಎಂಬ ಓಸಿಎಸ್‌ಪಿ ಉತ್ತರಕ್ಕೆ. ಜಾಲದ ತಂಡ 5500 ಮಾತ್ರ ತೆರೆದು ‘ಆಯಿತು’ ಎಂದಿತ್ತು. ಆಮೇಲೆ ನಮ್ಮ ತಂತ್ರಾಂಶವನ್ನು ಸಬ್‌ಸಿಸ್ಟಮ್ ಆಗಿ ನೋಂದಾಯಿಸಿದರೂ ಸೇವೆ ಕೊಡುವವರು ಹೆಸರು ಹಿಡಿದು ಅನುಮತಿ ಕೊಡುವವರೆಗೆ ಏನೂ ಸಿಗುವುದಿಲ್ಲ. ಕೇಳದೆ ಕೊಟ್ಟ ಅನುಮತಿ ಅಂತ ಅಲ್ಲಿ ಇಲ್ಲವೇ ಇಲ್ಲ.

ನನ್ನ ಪ್ರಕಾರ ಅದೇ ಉತ್ತಮ ವಿನ್ಯಾಸ. ನಮ್ಮಲ್ಲಿ ಎಲ್ಲವೂ ಒಂದು ಗೇಟ್‌ವೇ ಮೂಲಕ ಸಾಗುತ್ತದೆ, ಅದು ಮಲಗಿದರೆ ದೇಶವೇ ಮಲಗಿದಂತೆ.

ಕಾಡುಗೊಲ್ಲ_ಕೋಡ್
ಅರ್ಧ ಸರಿ, ಅರ್ಧ ತಪ್ಪು. ನಮ್ಮಲ್ಲೂ ರೋಗಿಯ ದಾಖಲೆ ಗೇಟ್‌ವೇ ಮೂಲಕ ಹೋಗುವುದಿಲ್ಲ. ಒಪ್ಪಿಗೆ, ಸೂಚನೆ, ಕೋರಿಕೆ ಇವಷ್ಟೇ ಅದರ ಮೂಲಕ ಹೋಗುವುದು. ದಾಖಲೆಯನ್ನು ಆಸ್ಪತ್ರೆಯೇ ಗೂಢಲಿಪಿಗೊಳಿಸಿ, ಕೇಳಿದವರು ಕೊಟ್ಟ ಯುಆರ್‌ಎಲ್‌ಗೆ ನೇರವಾಗಿ ತಳ್ಳುತ್ತದೆ. ಎಲ್ಲ ಆಸ್ಪತ್ರೆಗಳ ದಾಖಲೆಯೂ ದೆಹಲಿಯ ಒಂದು ಕಂಪ್ಯೂಟರ್‌ನಲ್ಲಿ ಕೂತಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸುವವರಿಗೆ ನೀವೂ ಮೇವು ಹಾಕಬೇಡಿ.

ಎಸ್ಟೋನಿಯಾ_ರಿಟರ್ನ್ಡ್
ದಾಖಲೆ ನೇರವಾಗಿ ಹೋಗುತ್ತದೆಂದು ಗೊತ್ತಿದೆ. ನಾನು ಹೇಳಿದ್ದು ಒಪ್ಪಿಗೆಯ ದಾರಿಯ ಬಗ್ಗೆ. ಒಪ್ಪಿಗೆ ಬಾರದೆ ದಾಖಲೆ ಹೊರಡುವುದಿಲ್ಲ, ಅಂದ ಮೇಲೆ ಇಕ್ಕಟ್ಟು ಅಲ್ಲೇ ಇದೆ.

ಅಗ್ರಿಗೇಟರ್_ಅಣ್ಣ
ಹಣಕಾಸಿನ ಕಡೆ, ಗ್ರಾಹಕರ ಖಾತೆಯ ಮಾಹಿತಿಯನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ತಲುಪಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯೂ ಒಪ್ಪಿಗೆಯ ಮೇಲೆಯೇ ನಿಂತಿದೆ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿತು, 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳು ಬಂದವು. ಅಲ್ಲಿ ಅಗ್ರಿಗೇಟರ್ ಒಂದಲ್ಲ, ಹಲವು. ಮಾಹಿತಿ ಅವರ ಕೈಯಿಂದಲೇ ಹಾದುಹೋದರೂ ಬಿಚ್ಚಿ ಓದುವ ಕೀಲಿ ಅವರ ಬಳಿ ಇರುವುದಿಲ್ಲ. ಜೊತೆಗೆ ಪ್ರತಿ ಸಂದೇಶಕ್ಕೂ ಹೆಡರ್‌ನಲ್ಲಿ ಬೇರೆಯಾಗಿ ಹೋಗುವ ಜೆಡಬ್ಲ್ಯುಎಸ್ ಎಂಬ ಡಿಜಿಟಲ್ ಸಹಿ. ಸಂದೇಶದ ಜೇಸನ್ ಪಠ್ಯದಲ್ಲಿ ಒಂದು ಖಾಲಿ ಜಾಗ ಹೆಚ್ಚಾದರೂ ಸಹಿ ಹೊಂದುವುದಿಲ್ಲ. ನಮ್ಮ ಹುಡುಗರು ಕಳುಹಿಸುವ ಮುನ್ನ ಜೇಸನ್ ಅನ್ನು ‘ಅಂದಗೊಳಿಸುತ್ತಿದ್ದರು’. ಅದೊಂದು ದೊಡ್ಡ ರಾಮಾಯಣ.

ರಾಗಿಮುದ್ದೆ
ಕಾಲ್‌ಬ್ಯಾಕ್ ದಾಟಿದ ಮೇಲೆ ನಿಜವಾದ ರಾಮಾಯಣ ಗೂಢಲಿಪಿಯದು. ಗಣಕರೇ, ನಿಮ್ಮ ತಂತ್ರಾಂಶ ಯಾವ ಭಾಷೆಯಲ್ಲಿದೆ?

ಗಾಂಧಿಬಜಾರ್_ಗಣಕ
ಪೈಥಾನ್.

ರಾಗಿಮುದ್ದೆ
ಹಾಗಾದರೆ ಗಟ್ಟಿ ಮನಸ್ಸು ಮಾಡಿಕೊಳ್ಳಿ. ದಸ್ತಾವೇಜಿನಲ್ಲಿ ಗೂಢಲಿಪಿಯ ವಕ್ರರೇಖೆ ಕರ್ವ್25519 ಎಂದು ಓದಿ ಯಾವುದೋ ಪೈಥಾನ್ ಲೈಬ್ರರಿಯ ಎಕ್ಸ್25519 ಹಾಕಿಕೊಳ್ಳುತ್ತೀರಿ. ಅದು ಹೊಂದುವುದಿಲ್ಲ. ಎಕ್ಸ್25519ರ ಸಾರ್ವಜನಿಕ ಕೀಲಿ 32 ಬೈಟ್. ಇಲ್ಲಿ ಓಡಾಡುವುದು ಬೌನ್ಸಿಕಾಸಲ್ ಎಂಬ ಜಾವಾ ಲೈಬ್ರರಿಯ ರೂಪ, ಅಂದರೆ ಅದೇ ವಕ್ರರೇಖೆಯ ವೈಯರ್‌ಸ್ಟ್ರಾಸ್ ರೂಪದ 65 ಬೈಟ್‌ನ ಬಿಂದು. ಮೊದಲ ಬೈಟ್ 04. ಬೇಸ್64ನಲ್ಲಿ ಕಣ್ಣಿಗೆ ಬೀಳುವ ಗುರುತು ಹೇಳುತ್ತೇನೆ: ಕೀಲಿ ‘ಬಿ’ ಅಕ್ಷರದಿಂದ ಶುರುವಾದರೆ ಕಚ್ಚಾ ಬಿಂದು, ‘ಎಂಐಐ’ ಎಂದು ಶುರುವಾದರೆ ಎಕ್ಸ್.509 ಹೊದಿಕೆಯ ಕೀಲಿ. ಎರಡೂ ಬರಬಹುದು, ಎರಡನ್ನೂ ಓದಲು ಬರಬೇಕು.

ಆಮೇಲೆ ಎರಡೂ ಕಡೆಯ 32 ಬೈಟ್‌ನ ನಾನ್ಸ್‌ಗಳನ್ನು (ಒಂದೇ ಸಲ ಬಳಸುವ ಯಾದೃಚ್ಛಿಕ ಬೈಟ್‌ಗಳು) ಎಕ್ಸಾರ್ ಮಾಡಿ, ಮೊದಲ 20 ಬೈಟ್ ಅನ್ನು ಕೀಲಿ ತಯಾರಿಸುವ ಎಚ್‌ಕೆಡಿಎಫ್‌ಗೆ ಸಾಲ್ಟ್ ಆಗಿ, ಕೊನೆಯ 12 ಬೈಟ್ ಅನ್ನು ಗೂಢಲಿಪಿಗೊಳಿಸುವ ಎಇಎಸ್-ಜಿಸಿಎಂನ ಐವಿ ಆಗಿ ಬಳಸಬೇಕು. ಫಿಡೇಲಿಯಸ್ ಎಂಬ ಸಿದ್ಧ ಉಪಕರಣವಿದೆ. ಮೊದಲು ಅದರಲ್ಲಿ ಒಂದು ಸಾಲನ್ನು ಮುಚ್ಚಿ, ನಿಮ್ಮ ಕೋಡ್‌ನಲ್ಲಿ ಬಿಚ್ಚಿ ನೋಡಿ. ನಂತರ ಉಲ್ಟಾ. ಇದಾಗುವ ಮೊದಲು ಗೇಟ್‌ವೇ ಮುಟ್ಟಬೇಡಿ.

ಗೂಬೆ
ಇಷ್ಟು ವಿವರ ದಸ್ತಾವೇಜಿನಲ್ಲಿ ಒಂದೇ ಕಡೆ ಇದ್ದಿದ್ದರೆ ನಾನು ಕೆಲವು ರಾತ್ರಿ ನಿದ್ದೆ ಮಾಡುತ್ತಿದ್ದೆ. ಅಲ್ಲಿ ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ವೈದ್ಯೆ_ವಿಜಯನಗರ
ನೀವೆಲ್ಲ ಬೈಟ್ ಎಣಿಸುತ್ತಿದ್ದೀರಿ, ಸ್ವಲ್ಪ ನಮ್ಮ ಕಡೆಯದನ್ನೂ ಕೇಳಿ. ನಾನು ಸಣ್ಣ ಕ್ಲಿನಿಕ್ ನಡೆಸುವವಳು. ಒಬ್ಬ ರೋಗಿಗೆ ನನಗೆ ಸಿಗುವುದು ಕೆಲವೇ ನಿಮಿಷ. ಅದರಲ್ಲಿ ಆಭಾ ಕೇಳು, ಒಟಿಪಿ ಕೇಳು, ರೋಗದ ಹೆಸರನ್ನು ಪಟ್ಟಿಯಿಂದ ಆರಿಸು. ಚೀಟಿಯಲ್ಲಿ ಬರೆದು ಕೊಟ್ಟರೆ ಆಗದೇ? ಯಾರ ಉಪಕಾರಕ್ಕೆ ಇದು?

ಹಳೇಬೇರು
ಮೇಡಂ, ಬೇಸರ ಅರ್ಥವಾಗುತ್ತದೆ. ಆದರೆ ಹಳೆಯ ವರದಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರುವ ಸಕ್ಕರೆ ಕಾಯಿಲೆಯ ಹಿರಿಯರನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ಮುಖ್ಯವಾದ ಒಂದು ಹಾಳೆ ಮನೆಯಲ್ಲೇ ಉಳಿದಿರುತ್ತದೆ.

ವೈದ್ಯೆ_ವಿಜಯನಗರ
ನೋಡಿದ್ದೇನೆ. ಆ ಚೀಲ ನನಗೆ ತೆರೆಯಲು ಬರುತ್ತದೆ. ನಿಮ್ಮ ಎಫ್‌ಎಚ್‌ಐಆರ್ ಬಂಡಲ್ ಎಂಬ ಡಿಜಿಟಲ್ ದಾಖಲೆಯ ಕಟ್ಟು ತೆರೆಯಲು ಬರುವುದಿಲ್ಲ.

ಕಾಡುಗೊಲ್ಲ_ಕೋಡ್
ಬಂಡಲ್ ಅನ್ನು ನೀವು ತೆರೆಯಬೇಕಿಲ್ಲ ಮೇಡಂ, ಅದು ತಂತ್ರಾಂಶದ ಪಾಡು. ಪಟ್ಟಿಯಿಂದ ಎಲ್ಲವನ್ನೂ ಆರಿಸಲೇಬೇಕೆಂದೂ ಇಲ್ಲ. ಸೂಚನೆಗಳು ಆರೋಗ್ಯ ದಾಖಲೆಗಳ ಮಾನಕ ಕೇಂದ್ರ ಎನ್‌ಆರ್‌ಸಿಇಎಸ್ ಪ್ರಕಟಿಸಿದ ಎಫ್‌ಎಚ್‌ಐಆರ್ ಆರ್4 ಮಾರ್ಗದರ್ಶಿಯಲ್ಲಿವೆ. ಪ್ರಿಸ್ಕ್ರಿಪ್ಷನ್ ದಾಖಲೆಯಲ್ಲಿ ನೀವು ಬರೆದ ಚೀಟಿಯ ಪಿಡಿಎಫ್ ಅನ್ನೇ ಲಗತ್ತಿಸಬಹುದು. ರೋಗದ ಹೆಸರಿಗೆ ಸ್ನೋಮೆಡ್ ಪಟ್ಟಿಯ ಸಂಕೇತ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪಠ್ಯವಾಗಿಯೂ ಹೋಗುತ್ತದೆ. ಅನೇಕರು ಶುರು ಮಾಡುವುದೇ ಪಿಡಿಎಫ್‌ನಿಂದ.

ವೈದ್ಯೆ_ವಿಜಯನಗರ
ಇದನ್ನು ನಮಗೆ ತಂತ್ರಾಂಶ ಮಾರಿದವರು ಹೇಳಲಿಲ್ಲ. ‘ಕಡ್ಡಾಯ’ ಎಂದು ಪೂರ್ತಿ ಪ್ಯಾಕೇಜ್‌ಗೆ ದುಡ್ಡು ತೆಗೆದುಕೊಂಡರು.

ತಿಂಡಿಪೋತ
ಮಾರುವವರ ನಿಘಂಟಿನಲ್ಲಿ ಬೇರೆ ಪದ ಇದೆಯೇ ಮೇಡಂ?

ಓಪಿಡಿ_ಕೌಂಟರ್
ನಾನು ನೋಂದಣಿ ಕೌಂಟರ್‌ನಲ್ಲಿ ಕೂರುವವನು, ತಾಂತ್ರಿಕ ವಿಷಯ ಗೊತ್ತಿಲ್ಲ. ಆದರೆ ಜೋಡಣೆ ಮುರಿಯುವುದು ನಮ್ಮ ಮೇಜಿನ ಮೇಲೆ. ನಮ್ಮ ಪುಸ್ತಕದಲ್ಲಿ ‘ಲಕ್ಷ್ಮಮ್ಮ, 55’ ಎಂದಿರುತ್ತದೆ. ಆಧಾರ್‌ನಲ್ಲಿ ಇಂಗ್ಲಿಷ್ ಕಾಗುಣಿತ ಬೇರೆ, ಗಂಡನ ಹೆಸರು ಜೊತೆಗೆ ಸೇರಿರುತ್ತದೆ, ಹುಟ್ಟಿದ ತಾರೀಖು ಜನವರಿ 1. ಮೊಬೈಲ್ ಸಂಖ್ಯೆ ಮಗನದ್ದು. ಅದೇ ಸಂಖ್ಯೆಯಲ್ಲಿ ಸೊಸೆ, ಮೊಮ್ಮಗು, ಮಗ ಎಲ್ಲರೂ ನಮ್ಮಲ್ಲಿ ನೋಂದಣಿಯಾಗಿದ್ದಾರೆ. ಆ್ಯಪ್‌ನಿಂದ ‘ಈ ಆಸ್ಪತ್ರೆಯಲ್ಲಿ ನನ್ನ ದಾಖಲೆ ಹುಡುಕು’ ಎಂದು ಒತ್ತಿದರೆ ಯಾರದ್ದು ಸಿಗಬೇಕು?

ನಮ್ಮಲ್ಲಿ ಪರೀಕ್ಷೆ ನಡೆಯುವಾಗ ತಂತ್ರಾಂಶದವರು ಟೆಸ್ಟ್ 1, ಟೆಸ್ಟ್ 2 ಎಂಬ ಹೆಸರಿನ ರೋಗಿಗಳನ್ನು ಹಾಕಿಕೊಂಡು ಎಲ್ಲ ಸರಿಯಿದೆ ಎಂದು ಹೊರಟುಹೋದರು. ಟೆಸ್ಟ್ 1 ಎಂಬುವವರು ನಮ್ಮ ಆಸ್ಪತ್ರೆಗೆ ಇದುವರೆಗೆ ಬಂದಿಲ್ಲ.

ಗೂಬೆ
ಈ ಚರ್ಚೆಯ ಅತ್ಯುತ್ತಮ ಸಾಲು ಇದು.

ಕಾಡುಗೊಲ್ಲ_ಕೋಡ್
ಇವರು ಹೇಳಿದ್ದು ಚಿನ್ನದಂಥ ಮಾತು. ಹುಡುಕಾಟದ ಕೋರಿಕೆಯಲ್ಲಿ ದೃಢೀಕೃತ ಮೊಬೈಲ್ ಸಂಖ್ಯೆ, ಹೆಸರು, ಲಿಂಗ, ಹುಟ್ಟಿದ ವರ್ಷ ಬರುತ್ತವೆ. ಮೊಬೈಲ್ ಒಂದೇ ನೋಡಿ ದಾಖಲೆ ಕೊಟ್ಟರೆ ಸೊಸೆಯ ಸ್ಕ್ಯಾನ್ ವರದಿ ಅತ್ತೆಯ ಆ್ಯಪ್‌ನಲ್ಲಿ ಕಾಣುತ್ತದೆ. ಹೆಸರು ಅಕ್ಷರಶಃ ಹೊಂದಲೇಬೇಕೆಂದರೆ ಯಾರದ್ದೂ ಸಿಗುವುದಿಲ್ಲ. ಒಬ್ಬರಿಗಿಂತ ಹೆಚ್ಚು ಜನ ಹೊಂದಿದರೆ ಏನನ್ನೂ ಕೊಡದೆ ‘ಕೌಂಟರ್‌ಗೆ ಬನ್ನಿ’ ಎನ್ನುವುದೇ ಕ್ಷೇಮ. ಇನ್ನು ಹೊಸದಾಗಿ ಬರುವವರಿಗೆ ಕೌಂಟರ್‌ನ ಕ್ಯೂಆರ್ ಸ್ಕ್ಯಾನ್ ಮಾಡಿಸಿ ನೋಂದಾಯಿಸಿದರೆ ಹೆಸರು, ವಯಸ್ಸು ಆಭಾದಿಂದಲೇ ಬರುತ್ತವೆ, ಈ ಗೋಜಲು ಮುಂದಕ್ಕೆ ಬೆಳೆಯುವುದಿಲ್ಲ.

ಕೇರ್ ಕಾಂಟೆಕ್ಸ್ಟ್‌ಗೆ, ಅಂದರೆ ಒಂದು ಭೇಟಿಯ ದಾಖಲೆಗಳ ಗುಂಪಿಗೆ, ಇಡುವ ಹೆಸರಿನ ಬಗ್ಗೆಯೂ ಎಚ್ಚರ. ‘ಹೊರರೋಗಿ ಭೇಟಿ’ ಎಂದು ತಾರೀಖು ಹಾಕಿದರೆ ಸಾಕು. ಯಾವ ವಿಭಾಗ, ಯಾವ ಕಾಯಿಲೆ ಎಂದು ಶೀರ್ಷಿಕೆಯಲ್ಲೇ ಬರೆದರೆ ಒಪ್ಪಿಗೆಗೆ ಮೊದಲೇ ಗುಟ್ಟು ರಟ್ಟಾಯಿತು.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಹೆಸರುಗಳ ಗೋಜಲನ್ನು ಪರೀಕ್ಷಿಸಬೇಕಾದರೆ ನಿಜವಾದ ಡೇಟಾಬೇಸ್ ಅನ್ನೇ ನಕಲು ಮಾಡಿ ಸ್ಯಾಂಡ್‌ಬಾಕ್ಸ್ ಸರ್ವರ್‌ಗೆ ಹಾಕಿಕೊಳ್ಳಿ. ನಾವು ಹಾಗೆಯೇ ಮಾಡಿದ್ದು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಳೇಬೇರು
ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಪರೀಕ್ಷಾ ಸರ್ವರ್ ಅಂದರೆ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುವ, ಲಾಗ್‌ನಲ್ಲಿ ಎಲ್ಲವನ್ನೂ ಬರೆದುಕೊಳ್ಳುವ, ಟನೆಲ್ ಮೂಲಕ ಲೋಕಕ್ಕೆ ತೆರೆದಿರುವ ಯಂತ್ರ. ಅದರಲ್ಲಿ ನಿಜವಾದ ರೋಗಿಗಳ ಎಚ್‌ಐವಿ ವರದಿ ಇಡುತ್ತೀರಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಇದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾದಾಗ ಎಷ್ಟೋ ದಿನ ಕಾಗದದ ಮೇಲೆ ಕೆಲಸ ನಡೆಸಬೇಕಾಯಿತು. ಅಷ್ಟು ದೊಡ್ಡವರ ಪಾಡೇ ಹಾಗಾದರೆ ನಮ್ಮ ನರ್ಸಿಂಗ್ ಹೋಮ್‌ಗಳ ಕಥೆ ಏನು?

ಸಿಲ್ಕ್‌ಬೋರ್ಡ್_ಸಂತ್ರಸ್ತ
250 ಕೋಟಿ ದೊಡ್ಡ ಕಂಪನಿಗಳಿಗೆ. ನಮ್ಮ ಸರ್ವರ್ ಒಳಜಾಲದಲ್ಲಿತ್ತು. ಅತಿಯಾಗಿ ಹೆದರಿಸಬೇಡಿ.

ಹಳೇಬೇರು
ಕಾಲ್‌ಬ್ಯಾಕ್ ಬರಬೇಕಾದರೆ ಹೊರಜಾಲಕ್ಕೆ ತೆರೆದಿರಲೇಬೇಕಲ್ಲ ಸ್ವಾಮಿ? ಒಳಜಾಲ ಹೇಗಾಯಿತು?

ಸಿಲ್ಕ್‌ಬೋರ್ಡ್_ಸಂತ್ರಸ್ತ
ಡೇಟಾಬೇಸ್ ಒಳಗೆ, ಆ್ಯಪ್ ಹೊರಗೆ.

ಹಳೇಬೇರು
ಆ್ಯಪ್ ಹೊರಗಿದ್ದು ಡೇಟಾಬೇಸ್ ಜೊತೆ ಮಾತಾಡುತ್ತದೆ. ಕಳ್ಳನೂ ಆ್ಯಪ್ ಮೂಲಕವೇ ಮಾತಾಡುತ್ತಾನೆ.

ನೂಲುಗಾರ
ಇಬ್ಬರೂ ಶಾಂತರಾಗಿ. ನಿಜವಾದ ದತ್ತಾಂಶ ಬೇಡ, ನಿಜವಾದ ಗೋಜಲು ಬೇಕು. ಕೌಂಟರ್‌ನವರನ್ನು ಕೂರಿಸಿಕೊಂಡು ಕೃತಕ ರೋಗಿಗಳನ್ನು ಕಟ್ಟಿ. ಇನಿಷಿಯಲ್ ಹಿಂದೆ ಇರುವವರು, ಮುಂದೆ ಇರುವವರು, ಒಂದೇ ಮೊಬೈಲ್‌ನ ನಾಲ್ವರು, ಅವಳಿ ಮಕ್ಕಳು, ಹೆಸರಿಡದ ಹಸುಗೂಸು, ಜನವರಿ 1ಕ್ಕೆ ಹುಟ್ಟಿದವರು. ಇಂಥ ಒಂದು ಪಟ್ಟಿ ಇದ್ದರೆ ಡೇಟಾಬೇಸ್ ನಕಲಿಗಿಂತ ಹೆಚ್ಚು ದೋಷ ಸಿಗುತ್ತವೆ. ಏಕೆಂದರೆ ಎಲ್ಲಿ ಏನು ಬರಬೇಕೆಂದು ಮೊದಲೇ ಗೊತ್ತಿರುತ್ತದೆ.

ಓಪಿಡಿ_ಕೌಂಟರ್
ಬೇಕಾದರೆ ಅಂಥ ಪಟ್ಟಿ ನಾನು ಬರೆದುಕೊಡುತ್ತೇನೆ. ‘ಇನ್ನೊಬ್ಬರ ಕಾರ್ಡ್ ತಂದವರು’ ಎಂಬುದನ್ನೂ ಸೇರಿಸಿ.

ಪರ್ಯವೇಕ್ಷಕ
ಮೇಲೆ ಒಬ್ಬ ಸದಸ್ಯರು ಹಾಕಿದ್ದ ಲಾಗ್‌ನ ಚಿತ್ರವನ್ನು ತೆಗೆದಿದ್ದೇನೆ, ಅದರಲ್ಲಿ ಮೊಬೈಲ್ ಸಂಖ್ಯೆ ಕಾಣುತ್ತಿತ್ತು. ಲಾಗ್ ಹಾಕುವ ಮುನ್ನ ಟೋಕನ್, ಆಧಾರ್, ಮೊಬೈಲ್ ಎಲ್ಲವನ್ನೂ ಅಳಿಸಿ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಿ ಎಂದು ಸಿಇಆರ್‌ಟಿ-ಇನ್ ಹೇಳಿದೆ, ನಿಜ. ಇಲ್ಲಿ ಇಟ್ಟುಕೊಳ್ಳಿ ಎಂದು ಹೇಳಿಲ್ಲ.

ಕನ್ನಡ_ಕಾವಲುಗಾರ
ಒಪ್ಪಿಗೆ ಕೇಳುವ ಪರದೆ ಕನ್ನಡದಲ್ಲಿರಬೇಕೆಂದು ಯಾರಾದರೂ ಯೋಚಿಸಿದ್ದೀರಾ? ಇಂಗ್ಲಿಷ್‌ನಲ್ಲಿ ಎರಡು ಪುಟ ತೋರಿಸಿ ‘ಇಲ್ಲಿ ಒತ್ತಿ ಅಜ್ಜಿ’ ಎಂದರೆ ಅದು ಒಪ್ಪಿಗೆಯೇ? 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕೆಂದಿದೆ.

ಗಾಂಧಿಬಜಾರ್_ಗಣಕ
ನಮ್ಮ ಕೌಂಟರ್ ಪರದೆಯಲ್ಲಿ ಕನ್ನಡ ಹಾಕಿದ್ದೇವೆ. ಅನುವಾದ ಮಾಡಿದವರು ಒಪ್ಪಿಗೆಯ ದಾಖಲೆಗೆ (ಕನ್ಸೆಂಟ್ ಆರ್ಟಿಫ್ಯಾಕ್ಟ್) ‘ಸಮ್ಮತಿಯ ಕಲಾಕೃತಿ’ ಎಂದು ಬರೆದಿದ್ದರು. ತೆಗೆಸಿದೆ.

ತಿಂಡಿಪೋತ
ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕಿತ್ತು.

ಗೂಬೆ
ಒಪ್ಪಿಗೆ ಹಿಂದೆಗೆದುಕೊಳ್ಳುವುದನ್ನೂ ಪರೀಕ್ಷಿಸಿ, ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ಒಪ್ಪಿಗೆಯ ದಾಖಲೆಯಲ್ಲಿ ಉದ್ದೇಶ, ಯಾವ ಬಗೆಯ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಂದಿಗೆ ಅಳಿಸಬೇಕು ಎಲ್ಲ ಇರುತ್ತದೆ. ರೋಗಿ ಹಿಂದೆಗೆದುಕೊಂಡ ಸೂಚನೆ ಬಂದ ಮೇಲೂ ನಿಮ್ಮ ಸರ್ವರ್ ದಾಖಲೆ ಕಳುಹಿಸಿದರೆ ಪರೀಕ್ಷಕರು ಅಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸಲೂ ಬೇಕು.

ಗಾಂಧಿಬಜಾರ್_ಗಣಕ
ಫೈರ್‌ವಾಲ್‌ನವರು ಕೊನೆಗೂ ಪೂರ್ಣ ಸರಪಳಿ ಹಾಕಿದರು. ಹೊರಗಿನಿಂದ ಈಗ 0. ಟನೆಲ್ ಇಲ್ಲದೆ ನೇರವಾಗಿ ಕಾಲ್‌ಬ್ಯಾಕ್ ಬರುತ್ತಿದೆ, ಕೇರ್ ಕಾಂಟೆಕ್ಸ್ಟ್ ಜೋಡಣೆಯೂ ಆಯಿತು. ನೂಲುಗಾರ ಸರ್, ರಾಗಿಮುದ್ದೆಯವರೇ, ಇಬ್ಬರಿಗೂ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ.

ಇನ್ನೊಂದು ಪ್ರಶ್ನೆ. ಸ್ಯಾಂಡ್‌ಬಾಕ್ಸ್‌ನಿಂದ ಹೊರಬರಲು ಭದ್ರತಾ ತಪಾಸಣೆಯ ಪ್ರಮಾಣಪತ್ರ ಬೇಕಂತೆ. ಅದು ಯಾವಾಗ ಮಾಡಿಸಬೇಕು?

ಕಾಡುಗೊಲ್ಲ_ಕೋಡ್
ಕ್ರಿಯಾತ್ಮಕ ಪರೀಕ್ಷೆ ಬೇರೆ, ಡಬ್ಲ್ಯುಎಎಸ್‌ಎ ಎಂಬ ಭದ್ರತಾ ತಪಾಸಣೆ ಬೇರೆ, ಎರಡೂ ಬೇಕು. ಎರಡನೆಯದನ್ನು ಸಿಇಆರ್‌ಟಿ-ಇನ್ ಪಟ್ಟಿಯಲ್ಲಿರುವ ಭದ್ರತಾ ತಪಾಸಕರಿಂದಲೇ ಮಾಡಿಸಬೇಕು. ಎಂ3 (ಬೇರೆಡೆಯ ದಾಖಲೆ ಕೇಳಿ ಪಡೆಯುವ ಹಂತ) ಕೂಡ ಮಾಡುವುದಿದ್ದರೆ ಅದನ್ನೂ ಮುಗಿಸಿ ಒಟ್ಟಿಗೆ ಮಾಡಿಸಿ. ಮಧ್ಯದಲ್ಲಿ ಮಾಡಿಸಿ ಆಮೇಲೆ ಕೋಡ್ ಬದಲಾಯಿಸಿದರೆ ಮತ್ತೆ ಕಾಸು ಬಿಚ್ಚಬೇಕು. ಮೂರ್ನಾಲ್ಕು ಕಡೆ ದರ ಕೇಳಿ, ಮರುಪರೀಕ್ಷೆ ಅದರಲ್ಲೇ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ.

ವೈದ್ಯೆ_ವಿಜಯನಗರ
ಆ ಕಾಸನ್ನು ಕೊನೆಗೆ ಕೊಡುವವರು ಯಾರು? ತಂತ್ರಾಂಶದವರೋ ನಾವೋ?

ಕಾಡುಗೊಲ್ಲ_ಕೋಡ್
ಪ್ರಮಾಣಪತ್ರ ತಂತ್ರಾಂಶಕ್ಕೆ ಬರುವುದು ಮೇಡಂ, ಆದ್ದರಿಂದ ತಂತ್ರಾಂಶದವರೇ ಕೊಡಬೇಕು. ಒಮ್ಮೆ ಪಾಸಾದ ತಂತ್ರಾಂಶವನ್ನು ನಿಮ್ಮಂಥ ಬೇರೆ ಕ್ಲಿನಿಕ್‌ಗಳಿಗೂ ಅವರು ಮಾರುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಅದನ್ನು ಪ್ರತ್ಯೇಕವಾಗಿ ಹಾಕಿದ್ದರೆ ಕೇಳಿ. ನಿಮ್ಮ ಕಡೆಯಿಂದ ಆಗಬೇಕಿರುವುದು ಸೌಲಭ್ಯ ನೋಂದಣಿ ಮತ್ತು ವೈದ್ಯರ ನೋಂದಣಿ.

ವೈದ್ಯೆ_ವಿಜಯನಗರ
ಹಾಕಿದ್ದಾರೆ. ನಾಳೆ ಬೆಳಿಗ್ಗೆ ಅವರಿಗೆ ಮೊದಲ ಫೋನ್ ನನ್ನದೇ.